ಬಂಡೆ ಯಾರದೂ ಅಲ್ಲ, ಹುಲ್ಲು ಯಜಮಾನರದು

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಮನುಷ್ಯ ಬೀಳುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಜವಳಿ ಅಂಗಡಿಯವನು ಹೊಸ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸರ್ರನೆ ಹರಿದಂಥ ಸದ್ದು. ತಲೆ ಎತ್ತುವಷ್ಟರಲ್ಲಿ ಸುಣ್ಣಕಲ್ಲಿನ ಬೂದು ಗೋಡೆಯ ಮುಂದೆ ಕಪ್ಪು ಚುಕ್ಕಿಯೊಂದು ಇಳಿಯುತ್ತಿರುತ್ತದೆ. ಆಮೇಲೆ ಫಟ್ಟೆಂದು ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಆ ಸದ್ದು ಎದುರುಗಡೆಯ ಗೋಡೆಗೆ ಬಡಿದು ಮತ್ತೆ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಕಾಫಿ ತುಳುಕಿತು. ನಾವು ಉಳಿದುಕೊಂಡಿದ್ದ ರೈತರ ಮನೆಯ ಯಜಮಾನರು ಮಾತ್ರ ಮೇಲೆ ನೋಡಲೇ ಇಲ್ಲ. ಅವರು ನೋಡಿದ್ದು ತಮ್ಮ ಹುಲ್ಲಿನ ಕಡೆಗೆ.

ನಾನು ಸಾಗರ, ಸೊರಬ, ಹೊಸನಗರದ ಕೊಟ್ಟಿಗೆಗಳಲ್ಲಿ ದನದ ಡಾಕ್ಟರಾಗಿ ಓಡಾಡಿ ನಿವೃತ್ತನಾದವನು. ಮಗಳು ಅಳಿಯ ಬರ್ನ್‌ನಲ್ಲಿದ್ದಾರೆ. ಅಲ್ಲಿಗೆ ಹೋದ ನಮ್ಮವರನ್ನೆಲ್ಲ ಯುಂಗ್‌ಫ್ರಾಯೋಖ್‌ನ ಹಿಮ ತೋರಿಸಲು ಕರೆದೊಯ್ಯುವುದು ವಾಡಿಕೆ. ನನಗೆ ಹಿಮಕ್ಕಿಂತ ಹಸುಗಳನ್ನು ನೋಡುವ ಆಸೆ. ಸಿಮ್ಮೆಂಟಾಲ್ ತಳಿ ಹುಟ್ಟಿದ ಕಣಿವೆ ಅದೇ ಬರ್ನ್ ಪ್ರಾಂತ್ಯದಲ್ಲಿದೆ. 1963ರ ಇಂಡೋ–ಸ್ವಿಸ್ ಯೋಜನೆಯಡಿ ಕೇರಳದ ಮಾಟ್ಟುಪೆಟ್ಟಿಗೆ ಬಂದ ಬ್ರೌನ್ ಸ್ವಿಸ್ ಹೋರಿಗಳಿಂದಲೇ ಸುನಂದಿನಿ ತಳಿ ಬೆಳೆದದ್ದು. ಆ ದನಗಳ ತವರನ್ನು ಒಮ್ಮೆ ನೋಡಬೇಕೆಂದು ನನ್ನ ಮನಸ್ಸಿನಲ್ಲಿ ಎಂದಿನಿಂದಲೋ ಇತ್ತು. ಮಗಳು ಹುಡುಕಿ ಹುಡುಕಿ, ಲೌಟರ್‌ಬ್ರುನ್ನೆನ್‌ನಿಂದ ಸ್ಟೆಖೆಲ್‌ಬೆರ್ಗ್‌ಗೆ ಹೋಗುವ ದಾರಿಯಲ್ಲಿ ಒಂದು ರೈತರ ಮನೆಯಲ್ಲಿ ಕೋಣೆ ಹಿಡಿದಳು. ಹೋಗಿ ನೋಡಿದರೆ ಕೊಟ್ಟಿಗೆ ಖಾಲಿ. ಬೇಸಿಗೆಯಲ್ಲಿ ದನಗಳನ್ನು ಮೇಲಿನ ಆಲ್ಪ್ ಹುಲ್ಲುಗಾವಲಿಗೆ ಹೊಡೆದುಬಿಡುತ್ತಾರೆ. ಕೆಳಗೆ ಉಳಿದಿದ್ದದ್ದು ಹುಲ್ಲು, ಮತ್ತು ಅದನ್ನು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಕೂಡಿಡುವ ಗಡಿಬಿಡಿ. ಜೂನ್ ತಿಂಗಳು.

ಕಣಿವೆಯ ರೂಪ ಹೇಳದೆ ಮುಂದಿನದು ತಿಳಿಯುವುದಿಲ್ಲ. ಹಿಮನದಿ ಕೊರೆದು ಹೋದ ಜಾಗ. ತಳ ಚಪ್ಪಟೆ, ಅಗಲ ಹೆಚ್ಚೆಂದರೆ ಒಂದು ಕಿಲೋಮೀಟರ್. ಎರಡೂ ಬದಿಗೆ ನೂರಾರು ಮೀಟರ್ ನೇರ ನಿಂತ ಬಂಡೆ. ಆ ಬಂಡೆಗಳ ಮೇಲಿಂದ 72 ಜಲಪಾತ ಧುಮುಕುತ್ತವೆ ಎಂದು ಊರಿನವರು ಲೆಕ್ಕ ಹೇಳುತ್ತಾರೆ. ಊರಿನ ನೆತ್ತಿಯ ಮೇಲೆ ಬೀಳುವ ಸ್ಟೌಬಾಖ್ ಒಂದೇ ಸುಮಾರು 300 ಮೀಟರ್. 1779ರಲ್ಲಿ ಜರ್ಮನ್ ಕವಿ ಗಯಟೆ ಇದನ್ನು ನೋಡಿಯೇ ನೀರಿನ ಮೇಲಣ ಆತ್ಮಗಳ ಬಗ್ಗೆ ತನ್ನ ಪ್ರಸಿದ್ಧ ಕವಿತೆ ಬರೆದ. ಪಶ್ಚಿಮದ ಬಂಡೆಯ ಮೇಲೆ ಮ್ಯುರೆನ್, ಗಿಮ್ಮೆಲ್‌ವಾಲ್ಡ್ ಎಂಬ ಊರುಗಳಿವೆ. ಸ್ಟೆಖೆಲ್‌ಬೆರ್ಗ್‌ನಿಂದ ಕೇಬಲ್ ಕಾರ್ ಹತ್ತಿದರೆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮೇಲೆ. ಅಲ್ಲಿಂದ ಕಾಡುದಾರಿಯಲ್ಲಿ ನಡೆದು ಬಂಡೆಯ ಅಂಚಿಗೆ ಹೋಗಿ ಹಾರಿದವನು ಇಳಿಯುವುದು ಮತ್ತೆ ಅದೇ ಕಣಿವೆಯ ತಳದಲ್ಲಿ. ನಾರ್ವೆಯ ಷೆರಾಗ್‌ನಲ್ಲಿ ಹಾರಬೇಕೆಂದರೆ ಮೊದಲು ಗಂಟೆಗಟ್ಟಲೆ ಬೆಟ್ಟ ಹತ್ತಬೇಕು. ಹಾರಿದ ಮೇಲೆ ಫ್ಯೋರ್ಡ್‌ನ ದಡದಲ್ಲಿ ದೋಣಿಗೆ ಕಾಯಬೇಕು. ಇಲ್ಲಿ ಒಂದೇ ದಿನ ಹಲವು ಸಲ ಹಾರಬಹುದು. ಜಗತ್ತಿನ ಬೇಸ್ ಜಂಪರ್‌ಗಳೆಲ್ಲ ಈ ಕಣಿವೆಗೆ ಮುತ್ತಿದ್ದು ಆ ಕಾರಣಕ್ಕೆ.

ಬೇಸ್ ಜಂಪಿಂಗ್ ಎಂದರೆ ವಿಮಾನದಿಂದಲ್ಲ, ನೆಲಕ್ಕೆ ಅಂಟಿಕೊಂಡ ಎತ್ತರದಿಂದ ಹಾರುವುದು. ಕಟ್ಟಡ, ಆಂಟೆನಾ ಕಂಬ, ಸೇತುವೆ, ಬಂಡೆ. ಬೆನ್ನ ಮೇಲೆ ಒಂದೇ ಪ್ಯಾರಾಚೂಟ್. ವಿಮಾನದಿಂದ ಹಾರುವವರಿಗೆ ಇರುವ ಹಾಗೆ ಎರಡನೆಯದು ಇರುವುದಿಲ್ಲ. ಇದ್ದರೂ ಅದನ್ನು ಬಿಚ್ಚಲು ಸಮಯವಿಲ್ಲ. ಮೂರು ಸೆಕೆಂಡಿನಲ್ಲಿ ಮನುಷ್ಯ ಸುಮಾರು 45 ಮೀಟರ್ ಬಿದ್ದಿರುತ್ತಾನೆ. ಪ್ಯಾರಾಚೂಟ್ ಬಿಚ್ಚದಿದ್ದರೆ ಸಾವು ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಬಿಚ್ಚಿದ್ದು ತಿರುಗಿಕೊಂಡು ಬಂಡೆಯ ಕಡೆಗೇ ಮುಖ ಮಾಡಿದರೆ ಅದೂ ಸಾವೇ ಆಗಬಹುದು ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು.

ಒಂದು ಮಧ್ಯಾಹ್ನ ಯಜಮಾನರು ಮನೆ ಹಿಂದಿನ ಹೊಲ ಕೊಯ್ದು ಮುಗಿಸಿದ್ದರು. ಹಳ್ಳದ ಆಚೆಯ ಪಟ್ಟಿ ಇನ್ನೂ ನಿಂತಿತ್ತು, ತೊಡೆಮಟ್ಟದ ಹುಲ್ಲು, ನಡುನಡುವೆ ಹಳದಿ ಹೂ. ನಾನು ಮಗಳೊಂದಿಗೆ ಬೇಲಿಗೆ ಒರಗಿ ನಿಂತಿದ್ದೆ. ಮೇಲಿಂದ ಬಂದವನೊಬ್ಬ ಕೊಯ್ದ ಹೊಲದ ಕಡೆಗೇ ತಿರುಗುತ್ತಿದ್ದ. ಕೊನೆಯ ಗಳಿಗೆಯಲ್ಲಿ ಗಾಳಿ ಎಳೆದು ಅವನನ್ನು ನಿಂತ ಹುಲ್ಲಿನ ನಟ್ಟನಡುವೆ ಇಳಿಸಿತು. ಯಜಮಾನರು ಟ್ರ್ಯಾಕ್ಟರ್ ನಿಲ್ಲಿಸಿ ಬೇಲಿಯ ಹತ್ತಿರ ಬಂದರು. ಬೈಗುಳ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ನಮ್ಮ ಕಡೆಯಾಗಿದ್ದರೆ ಅಷ್ಟರಲ್ಲಿ ಶುರುವಾಗಿರುತ್ತಿತ್ತು.

ಆ ಹುಡುಗ ಇಳಿದಲ್ಲೇ ಪ್ಯಾರಾಚೂಟನ್ನು ತೋಳಿಗೆ ಸುತ್ತಿಕೊಂಡ, ಒಂದು ದಾರವೂ ನೆಲಕ್ಕೆ ಎಳೆಯದ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಅತ್ತಿತ್ತ ಅಲೆಯದೆ ಹತ್ತಿರದ ಅಂಚಿಗೆ ಒಂದೇ ಗೆರೆಯಲ್ಲಿ ನಡೆದು ಬಂದ. ಬಂದವನು ಮೊದಲು ಗಾಳಿಯ ವಿಷಯ ಹೇಳಿ ಕ್ಷಮೆ ಕೇಳಿದ. ಯಜಮಾನರು, ‘ಮೈಕೈಗೆ ಏನೂ ಆಗಲಿಲ್ಲ ತಾನೆ?’ ಎಂದರು. ‘ಇಲ್ಲ.’ ‘ಹಾಗಾದರೆ ಕಾರ್ಡು?’ ಅವನು ಜೇಬಿನಿಂದ ತೆಗೆದು ತೋರಿಸಿದ. ಯಜಮಾನರು ತಲೆಯಾಡಿಸಿ ಮತ್ತೆ ಟ್ರ್ಯಾಕ್ಟರ್ ಹತ್ತಿದರು. ಅಷ್ಟೇ. ನನಗೆ ಆಶ್ಚರ್ಯವಾಯಿತು.

ಆ ಸಂಜೆ ಮಳೆ ಹಿಡಿಯಿತು. ಬೇಸಿಗೆಯಾದರೂ ಆ ಎತ್ತರದಲ್ಲಿ ಮಳೆ ಬಂದರೆ ಚಳಿ. ಮನೆಯಾಕೆ ಹೆಂಚಿನ ಒಲೆಗೆ ಸೌದೆ ಹಾಕಿ ನಮ್ಮನ್ನು ಅದರ ಸುತ್ತಲಿನ ಬೆಂಚಿನ ಮೇಲೆ ಕೂರಿಸಿದರು. ಚೀಸು, ರೊಟ್ಟಿ, ಒಣಸೇಬು. ನಾನು ಕಾರ್ಡಿನ ವಿಷಯ ಕೇಳಿದೆ. ಯಜಮಾನರ ಜರ್ಮನ್ ಮಾತನ್ನು ಮಗಳು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದಳು.

ಅದು ಇಳಿಯುವ ಕಾರ್ಡು. ಸ್ವಿಸ್ ಬೇಸ್ ಅಸೋಸಿಯೇಷನ್ ಎಂಬ ಜಂಪರ್‌ಗಳ ಸಂಘ ಅದನ್ನು ಮಾರುತ್ತದೆ, ಬಂದ ಹಣ ಹೊಲದ ರೈತರಿಗೆ ಹೋಗುತ್ತದೆ. ಕಾರ್ಡಿನ ಜೊತೆಗೆ ಕಟ್ಟುಪಾಡುಗಳೂ ಇವೆ. ಎತ್ತರದ ಹುಲ್ಲಿನಲ್ಲಿ ಇಳಿಯಬಾರದು. ಹೊಲದಲ್ಲಿ ಕೂತು ಪ್ಯಾರಾಚೂಟ್ ಮಡಚಬಾರದು. ಹಾರುವ ಮೊದಲು ಕಣಿವೆಯ ಹೆಲಿಕಾಪ್ಟರ್ ನೆಲೆಗೆ ಫೋನ್ ಮಾಡಿ ಆಕಾಶ ಖಾಲಿ ಇದೆಯೇ ಎಂದು ಕೇಳಲೇಬೇಕು. ಮೊದಮೊದಲು ಇದ್ಯಾವುದೂ ಇರಲಿಲ್ಲ ಎಂದರು ಯಜಮಾನರು. ಯಾರು ಯಾವಾಗ ಎಲ್ಲಿ ಇಳಿಯುತ್ತಾರೋ ಗೊತ್ತಾಗುತ್ತಿರಲಿಲ್ಲ. ಕೊಯ್ಯಲು ಹೋದರೆ ಹುಲ್ಲು ಚಾಪೆ ಚಾಪೆಯಾಗಿ ಮಲಗಿರುತ್ತಿತ್ತು.

ಮಲಗಿದ ಹುಲ್ಲು ಅಂದರೆ ಏನೆಂದು ನನಗೆ ಹೇಳಬೇಕಾಗಿರಲಿಲ್ಲ. ಯಂತ್ರದ ಬ್ಲೇಡು ಅದರ ಮೇಲೆ ಹಾದುಹೋಗುತ್ತದೆ, ಕತ್ತರಿಸುವುದಿಲ್ಲ. ಅಡಿಯಲ್ಲಿ ಕೊಳೆತದ್ದು ಬಣವೆಗೆ ಸೇರಿದರೆ ಬೂಷ್ಟು ಹಿಡಿಯುತ್ತದೆ. ಆರು ನೂರು ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ ಹದಿನೆಂಟು ಕಿಲೋದಷ್ಟು ಒಣ ಆಹಾರ ಬೇಕು. ಇಡೀ ಚಳಿಗಾಲ ಅದರ ಹೊಟ್ಟೆ ತುಂಬಬೇಕಾದದ್ದು ಈ ಕಿರಿದಾದ ತಳದ ಹುಲ್ಲೇ. ಎರಡೂ ಕಡೆ ಬಂಡೆ ಇರುವಾಗ ಹೊಲ ಇನ್ನೆಲ್ಲಿಗೆ ಹಬ್ಬೀತು? ಮೇಲೆ ಹಾರುವವನಿಗೆ ಅದು ಹಸಿರು ಬಯಲು ಅಷ್ಟೇ. ಇವರಿಗೆ ಅದು ಜನವರಿ ತಿಂಗಳ ಮೇವು.

ಇನ್ನೂ ಎರಡು ವಿಷಯ ನಾನೇ ಎತ್ತಿದೆ, ಯಜಮಾನರ ಕಣ್ಣು ಅರಳಿತು. ಒಂದು, ಹೊಲದ ಅಂಚಿನಲ್ಲಿ ಮಲವಿಸರ್ಜನೆ. ಲಾಡಿಹುಳು ಇರುವ ಮನುಷ್ಯ ಹುಲ್ಲಿನಲ್ಲಿ ಕೂತು ಎದ್ದರೆ ಅದರ ಮೊಟ್ಟೆ ಮೇವಿನೊಂದಿಗೆ ದನದ ಹೊಟ್ಟೆಗೆ ಹೋಗಿ ಮಾಂಸಖಂಡದಲ್ಲಿ ಗಂಟು ಕಟ್ಟುತ್ತದೆ. ಆ ಹುಳುವಿಗೆ ಮನುಷ್ಯನೇ ಮನೆ, ಹಸು ದಾರಿಯ ಛತ್ರ. ಎರಡನೆಯದು ತಂತಿ, ಮೊಳೆ, ಡಬ್ಬಿಯ ಚೂರು. ಹಸು ತುಟಿಯಲ್ಲಿ ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆ ಸುತ್ತಿ ನುಂಗಿಬಿಡುತ್ತದೆ. ನುಂಗಿದ ಲೋಹ ಎರಡನೆಯ ಹೊಟ್ಟೆಯಲ್ಲಿ, ಜಾಲರದಂಥ ಚೀಲದಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ಚೂಪಾದ ತಂತಿ ಆ ಗೋಡೆ ದಾಟಿದರೆ ಡಾಕ್ಟರು ಬಂದರೂ ಉಪಯೋಗವಿಲ್ಲ. ನಮ್ಮ ಕಡೆ ಮದುವೆ ಮುಗಿದ ಚಪ್ಪರದ ಹತ್ತಿರ ಮೇಯ್ದ ಎಷ್ಟೋ ಹಸುಗಳ ಎದೆಗೆ ಕಿವಿಗೊಟ್ಟು, ಹೃದಯದ ಸುತ್ತ ನೀರು ಅಲುಗುವ ಸದ್ದು ಕೇಳಿ, ಮನೆಯವರಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೇನೆ. ಯಜಮಾನರು ಎದ್ದು ಹೋಗಿ ಕಪಾಟಿನಿಂದ ಬೆರಳುದ್ದದ ಅಯಸ್ಕಾಂತ ತಂದು ನನ್ನ ಅಂಗೈ ಮೇಲಿಟ್ಟರು. ಹಸುವಿಗೆ ನುಂಗಿಸುವಂಥದ್ದು. ಹೊಟ್ಟೆಯಲ್ಲೇ ಇದ್ದು ಲೋಹದ ಚೂರುಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ನನ್ನ ಭಾಷೆ ಅವರಿಗೆ ಬಾರದು, ಅವರದು ನನಗೆ ಬಾರದು. ಆ ಅಯಸ್ಕಾಂತ ಹಿಡಿದುಕೊಂಡ ಮೇಲೆ ಮಗಳ ಅನುವಾದಕ್ಕೆ ಅಷ್ಟೇನೂ ಕೆಲಸ ಉಳಿಯಲಿಲ್ಲ.

ಆಮೇಲೆ ಅವರೊಂದು ಮಾತು ಹೇಳಿದರು. ‘ಡಾಕ್ಟರೇ, ಮೇಲಿನ ಬಂಡೆ ಯಾರದೂ ಅಲ್ಲ. ಹುಲ್ಲು ನನ್ನದು. ಬಂಡೆ ನೋಡಿ ಬರುತ್ತಾರೆ, ಇಳಿಯುವುದು ನನ್ನ ಮೇಲೆ.’

ಮಗಳು ಇದನ್ನು ಅಲ್ಲಿಗೇ ಬಿಡಲಿಲ್ಲ, ರಾತ್ರಿ ಸ್ವಿಸ್ ಸಿವಿಲ್ ಸಂಹಿತೆ ತೆಗೆದು ಓದಿ ಹೇಳಿದಳು. 1912ರಿಂದ ಜಾರಿಯಲ್ಲಿರುವ ಕಾನೂನು. ಅದರ 664ನೇ ಕಲಮಿನ ಪ್ರಕಾರ ಉಳುಮೆಗೆ ಬಾರದ ಬಂಡೆ, ಕಲ್ಲುರಾಶಿ, ಹಿಮನದಿ ಇವು ಯಾರ ಖಾಸಗಿ ಸ್ವತ್ತೂ ಅಲ್ಲ, ಹಾಗಲ್ಲವೆಂದು ಯಾರಾದರೂ ರುಜುವಾತು ಮಾಡದ ಹೊರತು. 699ನೇ ಕಲಮು ಕಾಡಿಗೂ ಮೇವಿನ ಗುಡ್ಡಕ್ಕೂ ಊರ ರೂಢಿಯಂತೆ ಯಾರು ಬೇಕಾದರೂ ಕಾಲಿಡಬಹುದು ಎನ್ನುತ್ತದೆ. ಹುಲ್ಲು ಬೆಳೆದು ನಿಂತ ಕೊಯ್ಲಿನ ಹೊಲಕ್ಕೆ ಆ ಹಕ್ಕು ಚಾಚುವುದಿಲ್ಲ. ಯಜಮಾನರು ಒಂದೇ ಉಸಿರಿಗೆ ಹೇಳಿದ್ದನ್ನು ಕಾನೂನು ಎರಡು ಕಲಮಿನಲ್ಲಿ ಹೇಳಿತ್ತು. ಹಾರಲು ಯಾರ ಅಪ್ಪಣೆಯೂ ಬೇಡ, ಇಳಿಯಲು ಬೇಕು. ಈ ಕಣಿವೆಯನ್ನು ಜಂಪರ್‌ಗಳ ತಾಣವನ್ನಾಗಿ ಮಾಡಿದ್ದು ಬಂಡೆಯ ಎತ್ತರ ಎಂದು ಎಲ್ಲರೂ ಹೇಳುತ್ತಾರೆ. ಬಂಡೆ ಸಾವಿರಾರು ವರ್ಷದಿಂದ ಅಲ್ಲೇ ಇತ್ತು. ತಾಣವಾದದ್ದು ಹುಲ್ಲಿನ ಯಜಮಾನರು ಮತ್ತು ಹಾರುವವರು ಕೂತು ಒಂದು ಒಪ್ಪಂದಕ್ಕೆ ಬಂದ ಮೇಲೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ನಾನು ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ನನ್ನ ತಮ್ಮನ ಸೊಪ್ಪಿನ ಬೆಟ್ಟದ ಒಂದು ಮಗ್ಗುಲು ಆಳವಾದ ದರೆ. ಅಲ್ಲಿ ನಿಂತರೆ ಶರಾವತಿಯ ಹಿನ್ನೀರು ಕಾಣುತ್ತದೆ. ‘ವ್ಯೂ ಪಾಯಿಂಟ್ ಮಾಡೋಣ, ತಂತಿ ಕಟ್ಟಿ ಜನರನ್ನು ಜಾರಿಸೋಣ’ ಎಂದು ಪೇಟೆಯಿಂದ ಬಂದವರು ಅವನ ಹತ್ತಿರ ಮಾತಾಡಿ ಹೋಗಿದ್ದಾರೆ. ಅವರ ಕಣ್ಣಿಗೆ ಬಿದ್ದದ್ದು ದರೆ ಮಾತ್ರ. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಆ ಬೆಟ್ಟದಿಂದ, ಕೆಳಗಿನ ಮನೆಗಳಿಗೆ ಅಬ್ಬಿ ನೀರು ಬರುವುದೂ ಅಲ್ಲಿಂದಲೇ. ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲವಂತೆ.

ಕಣಿವೆಯಲ್ಲಿ ಮರುದಿನ ಬೆಳಿಗ್ಗೆ, ನಿಂತ ಹುಲ್ಲಿನಲ್ಲಿ ಇಳಿದಿದ್ದ ಆ ಹುಡುಗ ಒಂದು ಬ್ರೆಡ್ಡು ಹಿಡಿದುಕೊಂಡು ಮನೆ ಬಾಗಿಲಿಗೇ ಬಂದ. ಅಮೆರಿಕದವನು, ಇಂಗ್ಲಿಷಿನಲ್ಲಿ ನನ್ನೊಂದಿಗೆ ನೇರ ಮಾತಾಡಿದ. ಒಂದು ಸಣ್ಣ ಕಾರ್ಡಿಗೆ ಯಾಕಿಷ್ಟು ಮರ್ಯಾದೆ ಎಂದು ಕೇಳಿದೆ. ಅವನು ತನ್ನ ದೇಶದ ಯೊಸೆಮಿಟಿಯ ಕಥೆ ಹೇಳಿದ. ಕಾರ್ಲ್ ಬೆನಿಷ್ ಎಂಬ ಸಿನಿಮಾಟೋಗ್ರಾಫರ್ 1978ರಲ್ಲಿ ಎಲ್ ಕ್ಯಾಪಿಟಾನ್ ಬಂಡೆಯಿಂದ ಹಾರುವವರನ್ನು ಚಿತ್ರೀಕರಿಸಿದ. ಈ ಆಟ ಇವತ್ತಿನ ರೂಪ ಪಡೆದದ್ದು ಅಲ್ಲಿಂದ. 1980ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಪರವಾನಗಿ ಕೊಟ್ಟು ನೋಡಿತು, ಕೆಲವೇ ವಾರಗಳಲ್ಲಿ ನಿಲ್ಲಿಸಿಬಿಟ್ಟಿತು. ಆಮೇಲೆ ಕದ್ದು ಹಾರುವುದು, ಕತ್ತಲಲ್ಲಿ ಇಳಿಯುವುದು, ಓಡುವುದು. 1999ರ ಜೂನ್‌ನಲ್ಲಿ ಫ್ರಾಂಕ್ ಗಾಂಬಾಲಿ ಎಂಬ ಜಂಪರ್ ಸುರಕ್ಷಿತವಾಗಿ ನೆಲ ಮುಟ್ಟಿದ, ರೇಂಜರ್‌ಗಳಿಂದ ತಪ್ಪಿಸಿಕೊಳ್ಳಲು ಮರ್ಸೆಡ್ ನದಿಗೆ ಇಳಿದು ಮುಳುಗಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿಷೇಧದ ವಿರುದ್ಧ ಪ್ರತಿಭಟನೆಯಾಗಿ ಹಾರಿದವರಲ್ಲಿ ಜಾನ್ ಡೇವಿಸ್ ಎಂಬ ಹೆಂಗಸಿದ್ದಳು. ಹಾರಿದ ಮೇಲೆ ಸಲಕರಣೆ ಜಪ್ತಿಯಾಗುವುದು ಖಚಿತವಾದ್ದರಿಂದ ತನ್ನದನ್ನು ಬಿಟ್ಟು ಬೇರೆ ಪ್ಯಾರಾಚೂಟ್ ಕಟ್ಟಿಕೊಂಡಿದ್ದಳು. ಅದು ಬಿಚ್ಚಲಿಲ್ಲ. ಹುಡುಗ ಇಷ್ಟು ಹೇಳಿ, ‘ಇಲ್ಲಿ ನಾನು ಹಗಲು ಬೆಳಕಿನಲ್ಲಿ ಇಳಿದು ಹೊಲದ ಯಜಮಾನರ ಮುಖ ನೋಡಿ ಮಾತಾಡಬಹುದು’ ಎಂದ. ಮನೆಯಾಕೆ ಬ್ರೆಡ್ಡು ತೆಗೆದುಕೊಂಡು ಅವನಿಗೆ ಕಾಫಿ ಕೊಟ್ಟರು.

ಅವತ್ತು ಮಳೆ ಹೊಳವಾಗಿ ದಕ್ಷಿಣದಿಂದ ಫ್ಯೋನ್ ಗಾಳಿ ಏಳುವ ಸೂಚನೆ ಇತ್ತು. ಬೆಟ್ಟ ದಾಟಿ ಇಳಿಯುವ ಬಿಸಿ ಒಣಗಾಳಿ. ರೈತರಿಗೆ ಅದು ಬೇಕು, ಕೊಯ್ದ ಹುಲ್ಲು ಬೇಗ ಒಣಗುತ್ತದೆ. ಆದರೆ ಅದು ನಿಂತ ಬೆನ್ನಿಗೇ ಮತ್ತೆ ಮಳೆ ಬರುವುದರಿಂದ ಅಷ್ಟರೊಳಗೆ ಎಲ್ಲ ಒಳಗೆ ಸೇರಬೇಕು. ಹಾರುವವರಿಗೆ ಅದೇ ಗಾಳಿ ಶತ್ರು. ಬೆಳಗಿನ ನಿಶ್ಶಬ್ದ ನಂಬಿ ಮೇಲೆ ಹೋದವರು ಕೆಲವರಿದ್ದರು. ನಾವೆಲ್ಲ ಹುಲ್ಲು ಬಾಚುತ್ತಿದ್ದೆವು, ನಾನೂ ಕೈ ಹಾಕಿದ್ದೆ. ಬಟ್ಟೆ ಹರಿದಂಥ ಆ ಸದ್ದು ಬಂತು, ಫಟ್ಟೆನ್ನುವ ಸದ್ದೂ ಬಂತು. ಆಮೇಲೆ ಬಂದದ್ದು ನನಗೆ ಪರಿಚಯವಿಲ್ಲದ ಸದ್ದು. ಯಜಮಾನರು ಈ ಸಲ ತಲೆ ಎತ್ತಿ ನೋಡಿದರು.

ಹೆಲಿಕಾಪ್ಟರ್ ಬಹಳ ಬೇಗ ಬಂತು. ಉದ್ದ ಹಗ್ಗದಲ್ಲಿ ಒಬ್ಬನನ್ನು ಬಂಡೆಯ ಕಡೆಗೆ ಇಳಿಬಿಟ್ಟು ಹೋಯಿತು, ಮತ್ತೆ ಬಂತು. ಸತ್ತವನು ಯಾರು, ಯಾವ ದೇಶದವನು ಎನ್ನುವುದನ್ನು ನಾನು ಇಲ್ಲಿ ಹೇಳುವುದಿಲ್ಲ, ಅವನ ಮನೆಯವರಿಗೆ ಅದು ಸಾಕಷ್ಟು ಗೊತ್ತು. ಯಜಮಾನರು ಟ್ರ್ಯಾಕ್ಟರ್ ನಿಲ್ಲಿಸಿ ಟೊಪ್ಪಿಗೆ ತೆಗೆದು ನಿಂತರು. ಗಾಳಿ ಏರುತ್ತಿತ್ತು, ಹುಲ್ಲು ಒಳಗೆ ಹೋಗಬೇಕಿತ್ತು, ಆದರೂ ನಿಂತರು. ಮನೆಯಾಕೆ ಮೊಮ್ಮಕ್ಕಳನ್ನು ಒಳಗೆ ಕರೆದು ಬಂಡೆಯ ಕಡೆಯ ಕಿಟಕಿ ಮುಚ್ಚಿದರು.

ಈ ಕಣಿವೆಯಲ್ಲಿ ಹೀಗೆ ಸತ್ತವರು ಹತ್ತಾರು ಜನ. ಹಾರುವವನು ತನ್ನ ಜೀವದ ಲೆಕ್ಕ ತಾನು ಮಾಡಿಕೊಂಡಿರುತ್ತಾನೆ. ಅವನು ಎಲ್ಲಿ ಬೀಳುತ್ತಾನೋ ಅಲ್ಲಿ ಹುಲ್ಲು ಬಾಚುತ್ತಿರುವ ಹೆಂಗಸು, ಶಾಲೆಯಿಂದ ಮನೆಗೆ ನಡೆದು ಬರುವ ಮಗು, ಹಗ್ಗ ಹಿಡಿದು ಇಳಿಯುವ ಹೆಲಿಕಾಪ್ಟರಿನವನು ಯಾವ ಲೆಕ್ಕವನ್ನೂ ಮಾಡಿಕೊಂಡಿರುವುದಿಲ್ಲ. ಮಲಗಿದ ಹುಲ್ಲಿಗೆ ಕಾರ್ಡಿನ ಹಣ ಸಿಗಬಹುದು. ಮನೆಯಾಕೆ ಮುಚ್ಚಿದ ಆ ಕಿಟಕಿಗೆ ಯಾರು ಏನು ಕೊಟ್ಟಾರು? ನಾನು ಇದನ್ನು ಯಜಮಾನರನ್ನೇ ಕೇಳಿದೆ, ಹಾರುವುದನ್ನು ನಿಲ್ಲಿಸಿಬಿಡಬೇಕು ಎಂದು ನಿಮಗೆ ಅನ್ನಿಸುವುದಿಲ್ಲವೇ ಎಂದು. ಅವರು ಬಹಳ ಹೊತ್ತು ಯೋಚಿಸಿ, ‘ಅನ್ನಿಸುತ್ತದೆ. ಆದರೆ ಬಂಡೆಗೆ ಬೇಲಿ ಹಾಕಲು ಆಗುವುದಿಲ್ಲ. ಬರುವವರು ಬಂದೇ ಬರುತ್ತಾರೆ. ನಮ್ಮನ್ನು ಕೇಳಿ ಬರುವುದು ಮೇಲು’ ಎಂದರು.

ಮಾರನೆಯ ದಿನ ಸತ್ತವನ ಗೆಳೆಯರು ಬಂದರು, ಆ ಅಮೆರಿಕದ ಹುಡುಗನೂ ಇದ್ದ. ಬಂಡೆಯ ಬುಡಕ್ಕೆ ಹತ್ತಿರವಿದ್ದ ಹೊಲದ ಮೂಲೆಯಲ್ಲಿ ಹೂ ಇಡಲು ಅಪ್ಪಣೆ ಕೇಳಿದರು. ಒಬ್ಬ ಹುಡುಗಿ ದೊಡ್ಡ ಹೂಗುಚ್ಛ ಹಿಡಿದಿದ್ದಳು. ಮನೆಯಾಕೆ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲಿಟ್ಟು ಬಿಚ್ಚತೊಡಗಿದರು. ಹುಡುಗಿಗೆ ಅರ್ಥವಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ನನಗೆ ತಕ್ಷಣ ಅರ್ಥವಾಯಿತು. ಹೂವಿನಂಗಡಿಯವರು ಎಷ್ಟೋ ಸಲ ಕಾಂಡಗಳಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ನಾನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಹೂ ಬಾಡಿ ಹುಲ್ಲಿನೊಳಗೆ ಬೆರೆಯುತ್ತದೆ, ತಂತಿ ಬಣವೆಗೆ ಹೋಗುತ್ತದೆ, ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಒಂದು ಹಸು ಅದನ್ನು ನುಂಗುತ್ತದೆ. ಅವಳು ಕಣ್ಣೊರಸಿಕೊಂಡು ಮೇಜಿಗೆ ಬಂದು ಕೂತಳು. ಉಳಿದವರೂ ಕೂತರು. ಎಲ್ಲರೂ ಸೇರಿ ಒಂದೊಂದೇ ಕಾಂಡದಿಂದ ತಂತಿ ಬಿಡಿಸಿ ಬಟ್ಟಲಿಗೆ ಹಾಕಿದರು. ಮನೆಯಾಕೆ ಉಣ್ಣೆಯ ದಾರದಿಂದ ಹೂಗಳನ್ನು ಮತ್ತೆ ಕಟ್ಟಿಕೊಟ್ಟರು. ನಾನು ಅಯಸ್ಕಾಂತವನ್ನು ಮೇಜಿನ ಮೇಲೆ ಆಡಿಸಿ, ಬಿದ್ದುಹೋದ ಎರಡು ಚೂರು ಎತ್ತಿದೆ.

ಹೂ ಇಟ್ಟು ಬಂದ ಮೇಲೆ ಹುಡುಗಿ ಯಜಮಾನರ ಮುಂದೆ ನಿಂತು ಕೇಳಿದಳು, ತಾವು ಇಲ್ಲಿ ಇನ್ನು ಇಳಿಯಬಹುದೇ ಎಂದು. ಯಜಮಾನರು ಅವಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಕೈಚಾಚಿ ತೋರಿಸುತ್ತಾ ಹೇಳಿದರು: ಮನೆ ಹಿಂದಿನದು ಕೊಯ್ದಿದೆ, ಹುಲ್ಲು ಎತ್ತಿ ಆಗಿದೆ, ಅಲ್ಲಿ ಇಳಿಯಿರಿ. ರಸ್ತೆ ಪಕ್ಕದ್ದು ನಾಳೆ ಮಧ್ಯಾಹ್ನದ ಮೇಲೆ. ಹಳ್ಳದ ಆಚೆಯದು ಇನ್ನೂ ನಿಂತಿದೆ, ಅಲ್ಲಿಗೆ ಕಾಲಿಡಬೇಡಿ. ಗಾಳಿ ದಕ್ಷಿಣದ್ದಿದ್ದರೆ ಮೇಲಕ್ಕೇ ಹೋಗಬೇಡಿ.

ಅವಳು ಫೋನ್ ತೆಗೆದು ಅಷ್ಟನ್ನೂ ಬರೆದುಕೊಂಡಳು.